ದೂರದ ಸೈಕಲ್ ದಾರಿಗೆ ಬೆಲ್ಲ, ಬಿಸ್ಕಿಟ್, ಮಿರ್ಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸವಾರಿ ಮುಗಿಸಿ ಕೊಪ್ಪಳದಲ್ಲಿ ಚಹಾದ ಅಂಗಡಿ ಮುಂದೆ ಸೈಕಲ್ ಒರಗಿಸಿದರೆ ಸಾಕು, ಯಾರಾದರೊಬ್ಬರು ಬಂದು ಟೈರು ಒತ್ತಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಆಮೇಲೆ ಊಟದ ಮಾತಿಗೆ ಬರುತ್ತಾರೆ. ನಮ್ಮ ಜೊತೆ ಹೊಸದಾಗಿ ಹೊರಡುವ ಹುಡುಗರು ಫೋನಿನಲ್ಲಿ ಕೇಳುವುದೂ ಅದನ್ನೇ. ಬಳ್ಳಾರಿ, ಸಿಂಧನೂರು, ರಾಯಚೂರಿನಿಂದ ಬರೆದು ಕೇಳುವವರದೂ ಅದೇ. ಹತ್ತು ವರ್ಷದಿಂದ ಕೇಳಿಸಿಕೊಂಡವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನಾನು ವೈದ್ಯನಲ್ಲ. ಕಾಯಿಲೆ ಇರುವವರು ತಮ್ಮ ವೈದ್ಯರ ಮಾತನ್ನೇ ಮೊದಲು ಕೇಳಬೇಕು.

## ಮೊದಲು ತಿಳಿಯಬೇಕಾದ್ದು

ಸೈಕಲ್ ಹೊಡಿಯೋದ ಹೊಟ್ಟಿ ಕರಗಸಾಕ. ಮತ್ತ ದಾರಿಯಾಗ ಜಿಲೇಬಿ, ಬಿಸ್ಕಿಟ್ ತಿಂದ್ರ ಏನ್ ಉಪಯೋಗ ಬಂತ್ರಿ?

ಒಂದು ತಾಸಿನ ಸವಾರಿಗೂ ದಿನವಿಡೀ ಸವಾರಿಗೂ ಬಹಳ ವ್ಯತ್ಯಾಸವಿದೆ. ನಮ್ಮ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ ಮಾತ್ರ. ಅಂದರೆ 1600ರಿಂದ 2000 ಕ್ಯಾಲೊರಿ. 65–70 ಕೆ.ಜಿ. ತೂಕದ ಸವಾರ ತಾಸಿಗೆ 20 ಕಿ.ಮೀ. ವೇಗದಲ್ಲಿ ಹೋದರೆ ತಾಸಿಗೆ 400ರಿಂದ 500 ಕ್ಯಾಲೊರಿ ಖರ್ಚು. ಅದರಲ್ಲಿ ಒಂದು ಪಾಲು ಕೊಬ್ಬಿನಿಂದ ಬರುತ್ತದೆ, ಉಳಿದದ್ದು ಸಕ್ಕರೆಯಿಂದಲೇ ಬರಬೇಕು. ಮೂರ್ನಾಲ್ಕು ತಾಸಿನಲ್ಲಿ ಈ ಗಂಟು ಕರಗುತ್ತ ಬರುತ್ತದೆ.

ಮೈಮೇಲಿನ ಕೊಬ್ಬು ಬೇಕಾದಷ್ಟಿದೆಯಲ್ಲ ಎನ್ನುತ್ತೀರಿ. ಇದೆ, ಆದರೆ ಅದು ಜಾಲಿಯ ಕೊರಡಿದ್ದಂತೆ, ನಿಧಾನಕ್ಕೆ ಉರಿಯುತ್ತದೆ. ಸಕ್ಕರೆ ಹತ್ತಿ ಕಟ್ಟಿಗೆ ಇದ್ದಂತೆ, ಹಚ್ಚಿದ ಕೂಡಲೇ ಭಗ್ಗೆನ್ನುತ್ತದೆ. ಒಲೆಗೆ ಎರಡೂ ಬೇಕು. ಕಾಲು ಪೆಡಲು ತುಳಿಯುತ್ತಿರುವಾಗ ತಿಂದ ಸಕ್ಕರೆಯನ್ನು ಸ್ನಾಯು ಆಗಿಂದಾಗ್ಗೆ ಎಳೆದುಕೊಂಡು ಉರಿಸುತ್ತದೆ. ಅದೇ ಜಿಲೇಬಿಯನ್ನು ಸಂಜೆ ಟಿ.ವಿ. ಮುಂದೆ ಕೂತು ತಿಂದರೆ ಉರಿಸುವವರು ಯಾರೂ ಇಲ್ಲ. ಜಿಲೇಬಿ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಿದರೆ, ಯಾವಾಗ ತಿನ್ನುತ್ತೀರಿ ಎಂದು ನಾನು ತಿರುಗಿ ಕೇಳುವುದು ಅದಕ್ಕೇ.

ಒಂದು ತಾಸಿಗೆ ಎಷ್ಟು ತಿನ್ನಬೇಕು? ಗ್ರಾಂ ಗೀಂ ಬ್ಯಾಡ್ರಿ, ಅಂಗಡಿ ಲೆಕ್ಕದಾಗ ಹೇಳ್ರಿ.

ಗ್ರಾಮಿನ ಲೆಕ್ಕ ಒಮ್ಮೆ ಗೊತ್ತಿರಲಿ: ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ, ಪಿಷ್ಟ. ಹೊಸಬರು 40ರಿಂದ ಶುರು ಮಾಡಿರಿ. ಅಂಗಡಿ ಲೆಕ್ಕಕ್ಕೆ ಬಂದರೆ, ಗ್ಲೂಕೋಸ್ ಬಿಸ್ಕಿಟ್ 100 ಗ್ರಾಂಗೆ 75 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇರುತ್ತದೆ, ಹಾಗಾಗಿ 50 ಗ್ರಾಂನ ಒಂದು ಪುಡಿಕೆ ಒಂದು ತಾಸಿಗೆ ಸರಿಹೋಯಿತು. ದೊಡ್ಡ ಬಾಳೆಹಣ್ಣು ಒಂದಕ್ಕೆ 25 ಗ್ರಾಂ. ಏಲಕ್ಕಿ ಬಾಳೆಯಾದರೆ ಎರಡು ತಿಂದರೆ ಅಷ್ಟಾಗುತ್ತದೆ. ಬ್ರೆಡ್ಡಿನ ಎರಡು ಹಾಳೆಗೆ ಜಾಮ್ ಬಳಿದರೆ ಹತ್ತಿರ ಹತ್ತಿರ 40. ಬೆಲ್ಲ ಬಹುತೇಕ ಪೂರ್ತಿ ಸಕ್ಕರೆಯೇ, ನಿಂಬೆಗಾತ್ರದ ಹೆಂಟೆ ಒಂದು ತಾಸಿಗೆ ಸಾಕು.

ಒಮ್ಮೆಲೇ ನುಂಗಬೇಡಿ. ಇಪ್ಪತ್ತು ನಿಮಿಷಕ್ಕೊಂದು ತುತ್ತು, ಮೇಲೊಂದು ಗುಟುಕು ನೀರು. ಫೋನಿನಲ್ಲಿ ಅಲಾರಂ ಇಟ್ಟುಕೊಂಡವರನ್ನು ನೋಡಿ ನಗುವವರಿದ್ದಾರೆ. ನಾನು ಈಗಲೂ ಇಡುತ್ತೇನೆ.

ನನಗ ಸೈಕಲ್ ಮ್ಯಾಲೆ ಹಸಿವೇ ಆಗಂಗಿಲ್ರಿ. ಹಸಿವಾದ ಮ್ಯಾಲೆ ತಿಂದ್ರ ನಡಿತೈತಲ್ಲ?

ನಡೆಯುವುದಿಲ್ಲ. ನನಗೂ ಆಗುತ್ತಿರಲಿಲ್ಲ. ಒಂದು ಫೆಬ್ರುವರಿಯಲ್ಲಿ ಒಬ್ಬನೇ ರಾಯಚೂರಿಗೆ ಹೊರಟಿದ್ದೆ. ಗಂಗಾವತಿಯಲ್ಲಿ ಎರಡು ಇಡ್ಲಿ ತಿಂದದ್ದೇ ಕೊನೆ. ಕಾರಟಗಿ ದಾಟಿತು, ಸಿಂಧನೂರು ದಾಟಿತು, ಗಾಳಿ ಬೆನ್ನಿಗಿತ್ತು, ಕಾಲು ಹಗುರವಾಗಿದ್ದವು, ನಿಲ್ಲಲು ಮನಸ್ಸೇ ಬರಲಿಲ್ಲ. ಮಾನ್ವಿ ಇನ್ನೂ ಮುಂದಿದೆ ಎನ್ನುವಾಗ ಯಾರೋ ಸ್ವಿಚ್ ಆರಿಸಿದ ಹಾಗೆ ಕಾಲು ನಿಂತುಬಿಟ್ಟವು. ತಣ್ಣನೆ ಬೆವರು. ಕಣ್ಣ ಮುಂದಿನ ರಸ್ತೆ ಕಿರಿದಾದಂತೆ ಕಂಡಿತು. ಬೇವಿನ ಮರದ ಕೆಳಗೆ ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೋದರೆ ಬೆರಳು ನಡುಗಿ ಮುಚ್ಚಳ ಸಿಗುತ್ತಲೇ ಇಲ್ಲ. ವಿನಾಕಾರಣ ಅಳು ಬರುತ್ತಿತ್ತು.

ಎದುರಿಗೆ ತಗಡಿನ ಡಬ್ಬಿ ಅಂಗಡಿಯಲ್ಲಿದ್ದ ಅಜ್ಜಿ ಎದ್ದು ಬಂದರು. "ಯಪ್ಪಾ, ಮಾರಿ ಯಾಕ ಹಿಂಗಾಗೈತಿ? ಉಂಡೀಯೋ ಇಲ್ಲೋ?" ಅಂದವರೇ ಸೆರಗಿನ ತುದಿಯಲ್ಲಿ ಹಿಡಿದು ತಂದ ಬೆಲ್ಲದ ಹೆಂಟೆಯನ್ನು ಕಲ್ಲಿಗೆ ಕುಟ್ಟಿ ಒಡೆದರು, ಒಂದು ಚೂರು ನನ್ನ ಬಾಯಿಗೇ ಇಟ್ಟರು, ಚೆಂಬಿನಲ್ಲಿ ನೀರು ಕೊಟ್ಟರು. ಹದಿನೈದು ಇಪ್ಪತ್ತು ನಿಮಿಷದಲ್ಲಿ ರಸ್ತೆ ಮತ್ತೆ ಅಗಲವಾಯಿತು. ದುಡ್ಡು ಕೊಡಲು ಹೋದರೆ ಬೈದರು.

ಆ ದಿನ ನನ್ನ ರಕ್ತದ ಸಕ್ಕರೆ ಕುಸಿದಿತ್ತು. ಮಿದುಳಿಗೆ ಬೇಕಾದ ಸಕ್ಕರೆಯನ್ನು ಹಿಡಿದಿಡುವುದು ಯಕೃತ್ತು. ಅದರ ದಾಸ್ತಾನು 100 ಗ್ರಾಂನಷ್ಟು. ಅದು ಬರಿದಾದಾಗ ಕಾಲಿನ ಜೊತೆಗೆ ಬುದ್ಧಿಯೂ ಮಂಕಾಗುತ್ತದೆ, ಲಾರಿ ಓಡಾಡುವ ರಸ್ತೆಯಲ್ಲಿ ಅದು ಅಪಾಯ. ಶ್ರಮ ಮತ್ತು ಬಿಸಿಲು ಹಸಿವನ್ನು ಅಡಗಿಸುತ್ತವೆ, ಹಾಗಾಗಿ ಹಸಿವನ್ನು ನಂಬಬೇಡಿ. ಗಡಿಯಾರವನ್ನು ನಂಬಿ. ಮೊದಲ ತುತ್ತು ಹೊರಟ ಅರ್ಧ ತಾಸಿಗೆ.

ಒಂದು ತಾಸು ಹೋಗಿ ಬರಾಕೂ ಇದೆಲ್ಲ ಬೇಕೇನ್ರಿ?

ಬೇಡ. ಒಂದೂವರೆ ತಾಸಿನೊಳಗಿನ ಸವಾರಿಗೆ ನೀರು ಸಾಕು. ಚಿಕ್ಕ ಸವಾರಿಗೆ ದೊಡ್ಡ ಸವಾರಿಯ ತಿಂಡಿ ತಿಂದರೆ ತೂಕ ಏರುತ್ತದೆ, ಆಮೇಲೆ ಸೈಕಲ್ಲಿಗೆ ಹೆಸರು ಕೆಡುತ್ತದೆ.

ಬೆಳಿಗ್ಗೆ ಐದಕ್ಕೆ ಹೊರಡ್ತೀವಿ. ಖಾಲಿ ಹೊಟ್ಟೀಲೆ ಹೋಗೋದೋ, ತಿಂದು ಹೋಗೋದೋ?

ರಾತ್ರಿಯೂಟವೇ ಅರ್ಧ ತಯಾರಿ. ಅನ್ನ ಸ್ವಲ್ಪ ಹೆಚ್ಚಿಗೆ, ಎಣ್ಣೆ ಕಡಿಮೆ. ನಿದ್ದೆಯಲ್ಲಿ ಯಕೃತ್ತಿನ ದಾಸ್ತಾನು ಕರಗಿರುತ್ತದೆ, ಬೆಳಿಗ್ಗೆ ಅದನ್ನು ತುಂಬಬೇಕು. ಮೂರಕ್ಕೇ ಎದ್ದು ಉಪ್ಪಿಟ್ಟು ತಿನ್ನುವುದು ಎಲ್ಲರಿಗೂ ಆಗದ ಮಾತು. ನಾಲ್ಕೂವರೆಗೆ ಚಹಾದ ಜೊತೆ ನಾಲ್ಕು ಬಿಸ್ಕಿಟ್, ಒಂದು ಬಾಳೆಹಣ್ಣು, ಉಳಿದದ್ದು ಸೈಕಲ್ ಮೇಲೆ. ಹೊರಡುವ ಮುಕ್ಕಾಲು ತಾಸು ಮೊದಲು ಬರೀ ಸಿಹಿ ತಿಂದು ಸುಮ್ಮನೆ ಕೂರಬೇಡಿ. ಕೆಲವರಿಗೆ ಸವಾರಿ ಶುರುವಾದ ಕೂಡಲೇ ಸಕ್ಕರೆ ಇಳಿದು ತಲೆ ತಿರುಗುತ್ತದೆ. ಒಂದೋ ಎರಡು ಮೂರು ತಾಸು ಮೊದಲು ತಿನ್ನಿ, ಇಲ್ಲವೇ ಹೊರಡುವ ಹೊತ್ತಿಗೆ ಸರಿಯಾಗಿ.

## ನಮ್ಮ ಕಡೆಯ ತಿಂಡಿ

ಮಿರ್ಚಿ ಒಗ್ಗರಣಿ ಬಿಟ್ಟು ನಮಗ ಆಗಂಗಿಲ್ಲ. ದಾರಿಯಾಗ ತಿನ್ನಬಹುದೇನ್ರಿ?

ಈ ಪ್ರಶ್ನೆಯನ್ನು ಕೇಳದ ಒಂದು ಭಾನುವಾರವೂ ಇಲ್ಲ. ಎರಡನ್ನೂ ಬಿಡಿಸಿ ನೋಡೋಣ, ಏಕೆಂದರೆ ತಟ್ಟೆಯಲ್ಲಿ ಜೋಡಿಯಾಗಿದ್ದರೂ ಹೊಟ್ಟೆಯಲ್ಲಿ ಅವು ಮಾಡುವ ಕೆಲಸ ಬೇರೆ ಬೇರೆ.

ಮಂಡಕ್ಕಿ ಒಗ್ಗರಣೆ ದೂರದ ಸವಾರನಿಗೆ ಹೇಳಿ ಮಾಡಿಸಿದ ತಿಂಡಿ. ಮಂಡಕ್ಕಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ತೂಕದ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಪಿಷ್ಟ, ನೀರಿನಲ್ಲಿ ನೆನೆದು ಮೆತ್ತಗಾಗಿರುವುದರಿಂದ ಬೇಗ ಅರಗುತ್ತದೆ. ಉಪ್ಪು ಇದೆ, ಹುಣಸೆ ಅಥವಾ ನಿಂಬೆಯ ಹುಳಿ ಇದೆ, ಬಿಸಿಲಲ್ಲಿ ಬಾಯಿ ಒಣಗಿದಾಗಲೂ ಗಂಟಲಲ್ಲಿ ಇಳಿಯುತ್ತದೆ. ನೆನೆಸಿದ್ದನ್ನು ಹಿಂಡಿ ಬಾಣಲೆಗೆ ಹಾಕುವ ಮೊದಲೇ "ಎಣ್ಣಿ ಕಮ್ಮಿ ಹಾಕ್ರಿ, ಪುಟಾಣಿ ಪುಡಿ ಹಾಕ್ರಿ" ಎಂದು ಹೇಳಿ. ನಮ್ಮ ಕಡೆ ಹೋಟೆಲಿನವರು ಮುಖ ನೋಡಿ ಮಾಡಿಕೊಡುತ್ತಾರೆ.

ಮಿರ್ಚಿಯ ಕಥೆ ಬೇರೆ. ಕಡಲೆಹಿಟ್ಟು ನಿಧಾನಕ್ಕೆ ಅರಗುತ್ತದೆ, ವಾಯು ಮಾಡುತ್ತದೆ. ಎಣ್ಣೆ ಒಂದು ಗ್ರಾಂಗೆ 9 ಕ್ಯಾಲೊರಿ ಕೊಟ್ಟರೂ ಹೊಟ್ಟೆಯ ಬಾಗಿಲನ್ನು ಮುಚ್ಚಿದಂತೆ ಮಾಡುತ್ತದೆ. ಕೊಬ್ಬಿದ್ದಷ್ಟೂ ಆಹಾರ ಕರುಳಿಗೆ ಇಳಿಯುವುದು ತಡ. ಅದರ ಹಿಂದೆ ತಿಂದ ಬೆಲ್ಲ, ಬಿಸ್ಕಿಟ್ಟೂ ಅಲ್ಲೇ ಸಾಲಿನಲ್ಲಿ ನಿಲ್ಲುತ್ತವೆ. ಹಸಿಮೆಣಸಿನ ಖಾರ ಕರುಳನ್ನು ಕೆರಳಿಸುತ್ತದೆ. ಹ್ಯಾಂಡಲ್ ಮೇಲೆ ಬಗ್ಗಿ ಕೂತವರಿಗೆ ಹುಳಿತೇಗು ಖಾತ್ರಿ. ಒಂದು ಮಿರ್ಚಿ ತಿಂದವರು ಏನೂ ಆಗದೆ ಹೋಗಿರಬಹುದು, ನಾಲ್ಕು ತಿಂದು ಏರು ಹತ್ತಿದವರ ಮುಖ ನಾನು ನೋಡಿದ್ದೇನೆ.

ಆದ್ದರಿಂದ ದಾರಿಯಲ್ಲಿ ಒಗ್ಗರಣೆ, ಊರು ಮುಟ್ಟಿದ ಮೇಲೆ ಮಿರ್ಚಿ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಸೈಕಲ್ ಮೇಲೆ ಬರುವ ಗೆಳೆಯರಿಗೂ ಇದನ್ನೇ ಹೇಳುತ್ತೇನೆ: ದಾಸೋಹದ ರೊಟ್ಟಿ, ಮಾದಲಿ, ಮಿರ್ಚಿ ಹೊಟ್ಟೆ ತುಂಬ ಪ್ರಸಾದವೆಂದು ಉಣ್ಣಿ, ತಿರುಗಿ ಹೊರಡುವ ಮೊದಲು ಎರಡು ತಾಸು ಮಠದ ಬಂಡೆಯ ನೆರಳಲ್ಲಿ ಅಡ್ಡಾಗಿ.

ಬೇಕರಿ ಮಾಲು ಪೂರಾ ವಿಷ ಅಂತಾರ. ಖರೇನಾ?

ದಿನಾ ತಿನ್ನುವವರಿಗೆ ಒಳ್ಳೆಯದಲ್ಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕನೇ ತಾಸಿನಲ್ಲಿ ನಾರು ಹೆಚ್ಚಿರುವ ಸಜ್ಜೆ ರೊಟ್ಟಿ, ಮೊಳಕೆ ಕಾಳಿಗಿಂತ ಮೈದಾದ ಸಾದಾ ಬನ್ನೇ ಹೊಟ್ಟೆಗೆ ಹಗುರ. ಮನೆಯಲ್ಲಿ ನಾವು ಹೊಗಳುವ ನಾರು ಸೈಕಲ್ ಮೇಲೆ ಹೊರೆಯಾಗುತ್ತದೆ. ಸಾದಾ ಬನ್, ಬ್ರೆಡ್ ಜಾಮ್, ರಸ್ಕ್, ಸಾದಾ ಕೇಕಿನ ತುಂಡು ನಡೆಯುತ್ತವೆ. ಪದರು ಪದರಾಗಿ ವನಸ್ಪತಿ ಹಾಕಿದ ಪಫ್, ಖಾರಿ ಬೇಡ. ಕ್ರೀಮ್ ಹಾಕಿದ್ದನ್ನು ಮಾರ್ಚ್‌ನಿಂದ ಜೂನ್‌ವರೆಗೆ ಮುಟ್ಟಲೇಬೇಡಿ. ಕರೆಂಟು ಹೋಗಿ ಬಂದು ಮಾಡಿದ ಫ್ರಿಜ್ಜಿನಲ್ಲಿ ಅದು ಎಷ್ಟು ಹೊತ್ತು ಕೂತಿತ್ತೋ ಕಂಡವರಾರು.

ಮನ್ಯಾಗ ಅವ್ವ ಶೇಂಗಾ ಹೋಳಿಗಿ, ಎಳ್ಳುಂಡಿ ಕಟ್ಟಿ ಕೊಡ್ತಾಳ. ಒಯ್ಯಲೇನ್ರಿ?

ಒಯ್ಯಿರಿ, ಆದರೆ ಹೊತ್ತು ನೋಡಿ ತಿನ್ನಿ. ಶೇಂಗಾ, ಎಳ್ಳು ಎರಡರಲ್ಲೂ ಎಣ್ಣೆಯಂಶ ಬಹಳ. 100 ಗ್ರಾಂ ಶೇಂಗಾ ಚಿಕ್ಕಿಯಲ್ಲಿ ಕಾಲು ಪಾಲು ಕೊಬ್ಬು, ಅರ್ಧ ಪಾಲು ಕಾರ್ಬೋಹೈಡ್ರೇಟ್. ವೇಗವಾಗಿ ಹೋಗುವಾಗ, ಏರು ಹತ್ತುವಾಗ ಅದು ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ನಿಧಾನದ ಸವಾರಿಯಲ್ಲಿ, ಊಟ ಸಿಗದ ಬಯಲಲ್ಲಿ, 300 ಕಿ.ಮೀ. ದಾಟುವ ದಿನ ಅದಕ್ಕಿಂತ ಗಟ್ಟಿ ಬುತ್ತಿ ಇಲ್ಲ.

ಶೇಂಗಾ ಹೋಳಿಗೆ ಒಣಗಿರುವುದರಿಂದ ಎರಡು ಮೂರು ದಿನ ಕೆಡುವುದಿಲ್ಲ. ಬೇಳೆ ಹೋಳಿಗೆ ಬೇಸಿಗೆಯಲ್ಲಿ ಸಂಜೆಗೇ ಹಳಸುತ್ತದೆ. ನಾನು ಹೋಳಿಗೆಯನ್ನು ಮನೆಯಲ್ಲೇ ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಎರಡೂ ತುದಿಯನ್ನು ಚಾಕಲೇಟಿನಂತೆ ತಿರುವಿ ಜೇಬಿಗಿಡುತ್ತೇನೆ. ಒಂದು ಕೈ ಹ್ಯಾಂಡಲ್ ಮೇಲಿದ್ದರೂ ಹಲ್ಲಿನಿಂದ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಸುದ್ದಿ ಪತ್ರಿಕೆಯಲ್ಲಿ ಸುತ್ತಬೇಡಿ, ಬೆವರಿಗೆ ಮಸಿ ತಿಂಡಿಗೆ ಹತ್ತುತ್ತದೆ. ಚಾಕಲೇಟ್ ನಮ್ಮ ಬಿಸಿಲಿಗೆ ಆಗಿಬರುವುದಿಲ್ಲ. ಮೈಶಾಖಕ್ಕೇ ಕರಗುವ ವಸ್ತು ರಾಯಚೂರಿನ 40 ಡಿಗ್ರಿಯಲ್ಲಿ ಜೇಬಿನಲ್ಲಿ ಉಳಿದೀತೇ?

ಕೋಲಾ, ಕಬ್ಬಿನ ಹಾಲು, ಎಳನೀರು: ಯಾವುದು ಚಲೋ?

ಕೋಲಾ 250 ಮಿ.ಲೀ.ಗೆ 26 ಗ್ರಾಂನಷ್ಟು ಸಕ್ಕರೆ, ಜೊತೆಗೆ ಸ್ವಲ್ಪ ಕೆಫೀನ್. ಕೊನೆಯ 40 ಕಿ.ಮೀ.ಗೆ, ಏನೂ ಅಗಿಯಲು ಆಗದಾಗ ಅದು ನಿಜಕ್ಕೂ ಎಬ್ಬಿಸಿ ಕೂರಿಸುತ್ತದೆ. ಬಾಟಲಿ ಅಲುಗಾಡಿಸಿ ಗ್ಯಾಸು ಬಿಟ್ಟು ಕುಡಿಯಿರಿ, ಹೊಟ್ಟೆ ಉಬ್ಬುವುದಿಲ್ಲ. ಒಮ್ಮೆ ಶುರು ಮಾಡಿದರೆ ಮಧ್ಯೆ ಬೇರೆ ಸಿಹಿಯನ್ನೂ ತಿನ್ನುತ್ತಿರಬೇಕು, ಇಲ್ಲವಾದರೆ ಎತ್ತಿದ್ದೇ ಇಳಿಸುತ್ತದೆ.

ಕಬ್ಬಿನ ಹಾಲು ಅದಕ್ಕಿಂತ ರುಚಿ, ಸಕ್ಕರೆಯೂ ಧಾರಾಳ. ತೊಂದರೆ ಇರುವುದು ಐಸಿನಲ್ಲಿ, ನೊಣ ಕೂತ ಗಾಣದಲ್ಲಿ. ಕಣ್ಣೆದುರು ಗಾಣ ತೊಳೆಸಿ, ಐಸ್ ಬೇಡವೆಂದು ಹೇಳಿ, ಉಪ್ಪು ನಿಂಬೆ ಹಾಕಿಸಿ.

ಎಳನೀರು ದಾಹಕ್ಕೆ ತಂಪು, ಪೊಟ್ಯಾಸಿಯಂ ಹೆಚ್ಚು. ಆದರೆ ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ, ಅದು ಎಳನೀರಿನಲ್ಲಿ ಕಡಿಮೆ. ಚಿಟಿಕೆ ಉಪ್ಪು ಹಾಕಿ ಕುಡಿದರೆ ಸರಿ.

ಪೇಟ್ಯಾಗ ಸಿಗೋ ಜೆಲ್ ತಗೊಳ್ಳಾಕ ರೊಕ್ಕ ಭಾಳ ಆಕ್ಕೈತಿ. ಅದಿಲ್ದ ಆಗಂಗಿಲ್ಲೇನು?

ಆಗುತ್ತದೆ. ಜೆಲ್ ಎಂದರೆ ಬೇಗ ಅರಗುವ ಸಕ್ಕರೆ, ಹರಿದು ಬಾಯಿಗೆ ಹಿಂಡಿಕೊಳ್ಳಲು ಅನುಕೂಲವಾದ ಚೀಲ. ಜಿದ್ದಿನ ರೇಸಿನಲ್ಲಿ ಆ ಅನುಕೂಲಕ್ಕೆ ಬೆಲೆ ಇದೆ. ನಮ್ಮಂಥ ಸವಾರಿಗೆ ಮೆಡಿಕಲ್ ಅಂಗಡಿಯ ಗ್ಲೂಕೋಸ್ ಪುಡಿ, ಖರ್ಜೂರ, ಬೆಲ್ಲ ಅದೇ ಕೆಲಸ ಮಾಡುತ್ತವೆ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಸೋಸಿ, ನಿಂಬೆ ಉಪ್ಪು ಸೇರಿಸಿ ಚಿಕ್ಕ ಬಾಟಲಿಗೆ ತುಂಬಿದರೆ ಮನೆಯದೇ ಜೆಲ್. ಸೋಸುವುದನ್ನು ಮರೆಯಬೇಡಿ, ಬೆಲ್ಲದಲ್ಲಿ ಕಸ, ಮರಳು ಇರುತ್ತದೆ.

## ಬಿಸಿಲು, ಉಪ್ಪು, ಹೊಟ್ಟೆ

ಬಿಸಿಲಿಗೆ ನೀರು ಕುಡದ ಕುಡದ ಹೊಟ್ಟಿ ಗುಳುಗುಳು ಅಂತೈತಿ, ತಲಿನೋವು ಬೇರೆ. ಯಾಕ್ರಿ?

ಬರೀ ನೀರು ಕುಡಿದದ್ದಕ್ಕೆ. ಬಿಸಿಲಲ್ಲಿ ತಾಸಿಗೆ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ, ಅದರೊಂದಿಗೆ ಉಪ್ಪು. ಅಂಗಿ ಒಣಗಿದಾಗ ಬೆನ್ನ ಮೇಲೆ ಮೂಡುವ ಬಿಳಿ ಗೆರೆ ನೋಡಿ, ಅದು ನಿಮ್ಮ ಉಪ್ಪು. ಹೋದ ಉಪ್ಪು ತುಂಬದೆ ನೀರನ್ನಷ್ಟೇ ಸುರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಬೆರಳು ಊದುವುದು ಅದರ ಗುರುತು. ಮಾತು ತೊದಲಿದರೆ, ದಿಕ್ಕು ತಪ್ಪಿದರೆ ಆಸ್ಪತ್ರೆಗೇ ಒಯ್ಯಬೇಕು, ಮತ್ತಷ್ಟು ನೀರು ಕುಡಿಸಬಾರದು.

ನನ್ನ ಬಾಟಲಿ ಹೀಗೆ: 750 ಮಿ.ಲೀ. ನೀರು, ಚಹಾ ಚಮಚದಲ್ಲಿ 10 ಚಮಚ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು. ಸಕ್ಕರೆ 45 ಗ್ರಾಂ, ಸೋಡಿಯಂ ಸುಮಾರು 600 ಮಿ.ಗ್ರಾಂ. ಇದಕ್ಕಿಂತ ಸಿಹಿ ಮಾಡಿದರೆ ಹೊಟ್ಟೆಯಲ್ಲೇ ನಿಲ್ಲುತ್ತದೆ. ಎರಡನೇ ಬಾಟಲಿಯಲ್ಲಿ ಸಾದಾ ನೀರು, ತಲೆ ಮೇಲೆ ಸುರಿದುಕೊಳ್ಳಲೂ ಅದೇ. ಓ.ಆರ್.ಎಸ್. ಒಳ್ಳೆಯದು, ಆದರೆ ಅದು ಭೇದಿಗಾಗಿ ಮಾಡಿದ್ದು. ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಉಪ್ಪಿಗೆ ಅದನ್ನು ಕುಡಿಯಿರಿ, ಶಕ್ತಿಗೆ ಬೇರೆ ತಿನ್ನಿ. ರಕ್ತದೊತ್ತಡ ಇದ್ದವರು ಉಪ್ಪಿನ ಲೆಕ್ಕವನ್ನು ವೈದ್ಯರಿಗೆ ಕೇಳಿ ಮಾಡಿ.

ತಿಂದ ಕೂಡ್ಲೇ ವಾಂತಿ ಬಂದಂಗ ಆಕ್ಕೈತಿ. ನನ್ನ ಹೊಟ್ಟಿನ ಸರಿ ಇಲ್ಲೇನೋ?

ಹೊಟ್ಟೆ ಸರಿಯಿದೆ, ಅಭ್ಯಾಸ ಇಲ್ಲ. ಜೋರಾಗಿ ತುಳಿಯುವಾಗ ರಕ್ತ ಕಾಲಿಗೆ, ಬಿಸಿಲಿದ್ದರೆ ಚರ್ಮಕ್ಕೆ ಹರಿಯುತ್ತದೆ, ಕರುಳಿಗೆ ಉಳಿಯುವುದು ಕಡಿಮೆ. ಹತ್ತು ನಿಮಿಷ ವೇಗ ಇಳಿಸಿ, ನೆರಳಿಗೆ ಹೋಗಿ, ಗುಟುಕು ಗುಟುಕು ನೀರು ಕುಡಿಯಿರಿ. ಕರುಳನ್ನೂ ಕಾಲಿನಂತೆ ಪಳಗಿಸಬಹುದು. ವಾರಕ್ಕೆ ಎರಡು ಸವಾರಿಯಲ್ಲಿ ಮೊದಲು ತಾಸಿಗೆ 30 ಗ್ರಾಂ, ಆಮೇಲೆ 40, ಆಮೇಲೆ 50 ಎಂದು ಏರಿಸುತ್ತ ಬಂದರೆ ಕೆಲವೇ ವಾರದಲ್ಲಿ ಒಗ್ಗುತ್ತದೆ. ದೊಡ್ಡ ಸವಾರಿಯ ದಿನ ಹೊಸ ತಿಂಡಿಯನ್ನು ಪರೀಕ್ಷೆ ಮಾಡಬೇಡಿ. ಮಧ್ಯಾಹ್ನ ಎರಡರ ನಂತರ ಬೆಳಗಿನ ಕೊಬ್ಬರಿ ಚಟ್ನಿಯನ್ನು ಮುಟ್ಟಬೇಡಿ, ಕೊಯ್ದಿಟ್ಟ ಕಲ್ಲಂಗಡಿಯನ್ನೂ.

ಆರೇಳು ತಾಸಾದ ಮ್ಯಾಲೆ ಸಿಹಿ ನೋಡಿದ್ರ ಓಕರಿಕಿ ಬರ್ತೈತಿ. ಏನ್ ಮಾಡೋದು?

ಎಲ್ಲರಿಗೂ ಬರುತ್ತದೆ. ಆಗ ನಾಲಿಗೆಯನ್ನು ಬದಲಿಸಬೇಕು, ಇಂಧನವನ್ನು ನಿಲ್ಲಿಸಬಾರದು. ಮೊಸರನ್ನ, ಚಿತ್ರಾನ್ನ, ಉಪ್ಪು ಹಚ್ಚಿ ಬೇಯಿಸಿದ ಆಲೂಗಡ್ಡೆ, ಮಂಡಕ್ಕಿ ಚುಡುವಾ, ಇಡ್ಲಿಗೆ ಶೇಂಗಾ ಹಿಂಡಿ. ಉಪ್ಪಿನಕಾಯಿಯ ಒಂದು ಹೋಳು ಚೀಪಿದರೆ ಸಾಕು, ಬಾಯಿ ಮತ್ತೆ ತೆರೆಯುತ್ತದೆ. ಪೇಟೆಯ ಸಿಹಿ ಜೆಲ್‌ಗಳನ್ನೇ ನೆಚ್ಚಿಕೊಂಡವರು ಈ ಹೊತ್ತಿಗೆ ಸೋಲುವುದನ್ನು ಕಂಡಿದ್ದೇನೆ. ಹುಳಿ, ಖಾರ, ಉಪ್ಪು ಎಲ್ಲವೂ ರಸ್ತೆ ಬದಿಯಲ್ಲೇ ಸಿಗುವುದು ನಮ್ಮ ಭಾಗ್ಯ.

## ದೂರ ಹೋದವರಿಗೆ

ತಾಸಿಗೆ 90 ಗ್ರಾಂ ತಿನ್ನೋರು ಅದಾರಂತ. 60ರ ಮ್ಯಾಲೆ ಅರಗಂಗಿಲ್ಲ ಅಂತೀರಲ್ಲ ನೀವು?

ಎರಡೂ ನಿಜ. ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ದಾಟುವ ಬಾಗಿಲು ಒಂದು, ಫ್ರಕ್ಟೋಸ್ ದಾಟುವ ಬಾಗಿಲು ಇನ್ನೊಂದು. ಬರೀ ಗ್ಲೂಕೋಸ್ ತಿಂದರೆ ತಾಸಿಗೆ 60 ಗ್ರಾಂಗೆ ಬಾಗಿಲು ತುಂಬಿ ಹೋಗುತ್ತದೆ, ಮಿಕ್ಕಿದ್ದು ಕರುಳಿನಲ್ಲೇ ನಿಂತು ಭೇದಿ ಮಾಡುತ್ತದೆ. ಫ್ರಕ್ಟೋಸ್ ಸೇರಿಸಿದರೆ ಎರಡೂ ಬಾಗಿಲು ದುಡಿದು 90ರವರೆಗೆ ಹೋಗಬಹುದು, ಗ್ಲೂಕೋಸ್ ಎರಡು ಪಾಲು, ಫ್ರಕ್ಟೋಸ್ ಒಂದು ಪಾಲು.

ನಾವು ತಿನ್ನುವ ಸಕ್ಕರೆಯಲ್ಲಿ ಎರಡೂ ಅರ್ಧರ್ಧ ಕೂಡಿಕೊಂಡಿವೆ, ಅನ್ನ ಮಂಡಕ್ಕಿಯ ಪಿಷ್ಟ ಪೂರ್ತಿ ಗ್ಲೂಕೋಸ್ ಆಗುತ್ತದೆ. 60 ಗ್ರಾಂ ಸಕ್ಕರೆ ಅಥವಾ ಬೆಲ್ಲ, 30 ಗ್ರಾಂ ಪಿಷ್ಟ ಸೇರಿದರೆ ಸರಿಯಾಗಿ ಎರಡಕ್ಕೊಂದು. ಶರಬತ್ತು ಕುಡಿಯುತ್ತ ಮಂಡಕ್ಕಿ ಮೇಯುವವನು ಗೊತ್ತಿಲ್ಲದೆಯೇ ಈ ಲೆಕ್ಕ ಪಾಲಿಸುತ್ತಿರುತ್ತಾನೆ. ಆದರೆ 90 ಗ್ರಾಂ ಜೋರಿನ ಸವಾರಿಗೆ, ಪಳಗಿದ ಹೊಟ್ಟೆಗೆ. ತಾಸಿಗೆ 20 ಕಿ.ಮೀ. ಹೋಗುವ ನಮಗೆ 50–60 ಸಾಕು.

300, 400 ಕಿ.ಮೀ. ಬ್ರೆವೆ ಮಾಡಬೇಕಂದೀನಿ. ರಾತ್ರಿ ಹೋಟೆಲ್ ಬಂದ್ ಇರ್ತಾವ, ಏನ್ ತಿನ್ನೋದು?

ಬ್ರೆವೆ ಎಂದರೆ ಗೊತ್ತುಪಡಿಸಿದ ತಾಸಿನೊಳಗೆ ಮುಗಿಸಬೇಕಾದ ದೂರದ ಸವಾರಿ. ಅದರಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40 ತಾಸು. ವೇಗಕ್ಕಿಂತ ಹೊಟ್ಟೆಯೇ ಇಲ್ಲಿ ಪಾಸು ಫೇಲು ತೀರ್ಮಾನಿಸುತ್ತದೆ. ರಾತ್ರಿ ಎಂಟರೊಳಗೆ ಒಂದು ಸರಿಯಾದ ಊಟ ಮುಗಿಸಿ: ಅನ್ನ, ತಿಳಿ ಸಾರು, ಮೊಸರು. ರೊಟ್ಟಿ, ಎಣ್ಣೆಗಾಯಿ ಪಲ್ಯ ಹೊಟ್ಟೆ ತುಂಬಿಸಿ ನಿದ್ದೆ ಎಳೆಯುತ್ತವೆ. ಅಲ್ಲಿಂದ ಬೆಳಗಿನವರೆಗಿನ ತಿಂಡಿ ನಿಮ್ಮ ಚೀಲದಲ್ಲೇ ಇರಬೇಕು. ನಡುರಾತ್ರಿ ಭರವಸೆ ಇಡಬಹುದಾದ ಜಾಗವೆಂದರೆ ದೊಡ್ಡ ಊರಿನ ಬಸ್ ಸ್ಟ್ಯಾಂಡ್, ರೈಲು ನಿಲ್ದಾಣ, ಲಾರಿ ನಿಲ್ಲುವ ಢಾಬಾ. ಚಹಾ ಕುಡಿಯಿರಿ, ಆದರೆ ಕೆಫೀನಿನ ಅರ್ಧ ಪಾಲು ಐದಾರು ತಾಸು ಮೈಯಲ್ಲೇ ಇರುತ್ತದೆ. ಎರಡಕ್ಕೆ ಮಲಗುವ ಯೋಚನೆ ಇದ್ದರೆ ಹನ್ನೊಂದರ ಚಹಾ ಬಿಡಿ.

ದೂರದ ಸೈಕಲ್ಲಿಗೂ ಸಿಹಿಗೂ ನಂಟು ಹಳೆಯದು. ಫ್ರಾನ್ಸಿನಲ್ಲಿ 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 1200 ಕಿ.ಮೀ. ಸವಾರಿಯ ನೆನಪಿಗೆ 1910ರಲ್ಲಿ ಚಕ್ರದ ಆಕಾರದ ಒಂದು ಕ್ರೀಮ್ ತಿನಿಸನ್ನೇ ಮಾಡಿದರು, ಅದರ ಹೆಸರೂ ಪ್ಯಾರಿಸ್–ಬ್ರೆಸ್ಟ್. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಸವಾರಿಗೆ ಭಾರತದಿಂದಲೂ ಹೋಗುತ್ತಾರೆ.

ಆಷಾಢದ ಗಾಳ್ಯಾಗ ಗದಗಿಗೆ ಹ್ವಾದ್ರ ಅರ್ಧ ದಾರಿಗೇ ತಿಂಡಿ ಖಾಲಿ. ಲೆಕ್ಕ ಎಲ್ಲಿ ತಪ್ತು?

ನೀವು ಕಿಲೋಮೀಟರಿಗೆ ಲೆಕ್ಕ ಹಾಕಿದಿರಿ, ತಾಸಿಗೆ ಹಾಕಬೇಕಿತ್ತು. ಕುಕನೂರು, ಗದಗ ಕಡೆಯ ಗಾಳಿ ಗಿರಣಿಗಳು ಅಲ್ಲಿ ಸುಮ್ಮನೆ ನಿಂತಿಲ್ಲ. ಪಡುವಣ ಗಾಳಿಗೆ ಎದುರಾದರೆ ತಾಸಿಗೆ 20 ಹೋಗುವವರು 12ಕ್ಕೆ ಇಳಿಯುತ್ತೀರಿ, ಶ್ರಮ ಅಷ್ಟೇ ಅಥವಾ ಹೆಚ್ಚು. ಹೋಗುವಾಗ ಒಂದೂಮುಕ್ಕಾಲು ಪಟ್ಟು ತಿಂಡಿ ಒಯ್ಯಿರಿ.

ಶ್ರಾವಣ ಸೋಮವಾರ, ಏಕಾದಶಿ, ರೋಜಾ ಇದ್ದಾಗ ದೂರ ಹೋಗಬಹುದಾ?

ನೀರನ್ನೂ ಬಿಡುವ ಉಪವಾಸದಲ್ಲಿ ದೂರ ಹೋಗಬೇಡಿ. ರೋಜಾ ಹಿಡಿದ ನಮ್ಮ ಗೆಳೆಯರು ಇಫ್ತಾರ್ ಆದ ಮೇಲೆ ಒಂದು ತಾಸಿನ ಸವಾರಿಗೆ ಬರುತ್ತಾರೆ, ಅಷ್ಟೇ. ಫಲಾಹಾರದ ಉಪವಾಸವಾದರೆ ಸಾಬೂದಾಣಿ, ಬಾಳೆಹಣ್ಣು, ಖರ್ಜೂರ ಮೂರೂ ಒಳ್ಳೆಯ ಇಂಧನವೇ.

ನನಗ ಸಕ್ಕರಿ ಕಾಯಿಲೆ ಐತಿ. ಇದನ್ನೆಲ್ಲ ಓದಿ ಸೈಕಲ್ ಬಿಟ್ಟುಬಿಡ್ಲೇನು?

ಬಿಡಬೇಡಿ. ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ನೆರವು ಹೆಚ್ಚು ಬೇಡದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ, ಅದಕ್ಕೇ ವ್ಯಾಯಾಮ ಮಾಡಿ ಎನ್ನುವುದು. ಆದರೆ ಅದೇ ಕಾರಣಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಕೆಲವು ಬಗೆಯ ಗುಳಿಗೆ ನುಂಗುವವರಿಗೆ ಸವಾರಿಯ ಮಧ್ಯೆ, ಆ ರಾತ್ರಿ ನಿದ್ದೆಯಲ್ಲೂ ಸಕ್ಕರೆ ತೀರಾ ಇಳಿಯಬಹುದು. ಗುಳಿಗೆಯ ಪ್ರಮಾಣ, ತಿನ್ನುವ ಲೆಕ್ಕ ಎರಡನ್ನೂ ನಿಮ್ಮ ವೈದ್ಯರೇ ಹೇಳಬೇಕು. ನನ್ನ 40 ಗ್ರಾಂ, 60 ಗ್ರಾಂ ನಿಮಗಲ್ಲ. ಒಬ್ಬರೇ ಹೋಗಬೇಡಿ, ಮೀಟರ್ ಜೊತೆಗಿರಲಿ, ಗ್ಲೂಕೋಸ್ ಪುಡಿ ಯಾವ ಜೇಬಿನಲ್ಲಿದೆ ಎಂದು ಜೊತೆಗಾರನಿಗೆ ಹೊರಡುವ ಮೊದಲೇ ತೋರಿಸಿ.

ವಾರಕ್ಕ 100 ಕಿ.ಮೀ. ಹೊಡಿತೀನಿ, ತೂಕ ಮಾತ್ರ ಇಳಿವಲ್ದು. ಹಲ್ಲೂ ಜುಮ್ ಅಂತಾವ.

ಸವಾರಿಯ ಮೇಲೆ ಕಡಿಮೆ ತಿಂದು, ಮನೆಗೆ ಬಂದು ಸೇಡು ತೀರಿಸಿಕೊಳ್ಳುತ್ತಿದ್ದೀರಿ ಎಂದು ನನ್ನ ಅನುಮಾನ. ದಾರಿಯಲ್ಲಿ ಸರಿಯಾಗಿ ತಿಂದವನಿಗೆ ಸಂಜೆ ಹುಚ್ಚು ಹಸಿವು ಇರುವುದಿಲ್ಲ. ಇಳಿದ ಅರ್ಧ ತಾಸಿನಲ್ಲಿ ಅನ್ನ ಬೇಳೆ, ಮೊಸರು ಅಥವಾ ಎರಡು ಮೊಟ್ಟೆ ಉಂಡುಬಿಡಿ, ಆಗ ಸ್ನಾಯು ಬೇಗ ತುಂಬಿಕೊಳ್ಳುತ್ತದೆ. ಸೋಮವಾರದಿಂದ ಶನಿವಾರದವರೆಗೆ ರೊಟ್ಟಿ, ಪಲ್ಯ, ಕಾಳು. ಬಿಸ್ಕಿಟ್ ಪುಡಿಕೆ ಸೈಕಲ್ ಚೀಲದಲ್ಲೇ ಇರಲಿ, ಅಡುಗೆಮನೆ ಡಬ್ಬಿಗೆ ಬರುವುದು ಬೇಡ.

ಹಲ್ಲಿಗೆ: ಸಿಹಿ, ಹುಳಿ ಹೋದ ಮೇಲೆ ಪ್ರತಿ ಸಲ ಸಾದಾ ನೀರು ಮುಕ್ಕಳಿಸಿ. ಇಳಿದ ಕೂಡಲೇ ಉಜ್ಜಬೇಡಿ, ಹುಳಿಗೆ ಮೆದುವಾದ ಹಲ್ಲಿನ ಹೊದಿಕೆ ಸವೆಯುತ್ತದೆ. ಅರ್ಧ ತಾಸು ಬಿಟ್ಟು ಉಜ್ಜಿ.

ಎಲ್ಲಾ ಹೇಳಿದ್ರಿ. ನೀವು ಸ್ವಂತ ಕೊಪ್ಪಳದಿಂದ ರಾಯಚೂರಿಗೆ ಹೋಗುವಾಗ ಏನ್ ಒಯ್ತೀರಿ?

ಸುಮಾರು 180 ಕಿ.ಮೀ., ಡಿಸೆಂಬರ್ ಅಥವಾ ಜನವರಿಯಲ್ಲಿ, ಐದಕ್ಕೆ ಹೊರಡುತ್ತೇನೆ. ಬಲ ಜೇಬಿನಲ್ಲಿ ಬೀಜ ತೆಗೆದ ಹನ್ನೆರಡು ಖರ್ಜೂರ, ಎಡ ಜೇಬಿನಲ್ಲಿ ಗ್ಲೂಕೋಸ್ ಬಿಸ್ಕಿಟಿನ ಎರಡು ಪುಡಿಕೆ, ನಡುವಿನ ಜೇಬಿನಲ್ಲಿ ಹೋಳಿಗೆಯ ತುಂಡುಗಳು. ಗಂಗಾವತಿಯಲ್ಲಿ ನಾಲ್ಕು ಇಡ್ಲಿ, ಚಹಾ. ಕಾರಟಗಿಯಲ್ಲಿ ನಿಲ್ಲುವುದಿಲ್ಲ, ಭತ್ತದ ಗದ್ದೆ ನೋಡುತ್ತ ಖರ್ಜೂರ ಮುಗಿಸುತ್ತೇನೆ. ಸಿಂಧನೂರಿನಲ್ಲಿ ಒಗ್ಗರಣೆ ಒಂದು ಪ್ಲೇಟು, ಬಾಟಲಿಗೆ ಹೊಸ ಶರಬತ್ತು. ಮಾನ್ವಿಯಲ್ಲಿ ಮೊಸರನ್ನ, ಉಪ್ಪಿನಕಾಯಿ. ಅಲ್ಲಿಂದ ಮುಂದೆ ಬಿಸ್ಕಿಟ್, ಕೊನೆಗೆ ಗ್ಯಾಸು ಬಿಟ್ಟ ಒಂದು ಕೋಲಾ.

ಸೀಟಿನ ಕೆಳಗಿನ ಚೀಲದಲ್ಲಿ ಪಂಕ್ಚರ್ ಸಾಮಾನಿನ ಜೊತೆ ಒಂದು ಚಿಕ್ಕ ಸ್ಟೀಲ್ ಡಬ್ಬಿ ಇರುತ್ತದೆ, ಅದರಲ್ಲಿ ಬೆಲ್ಲ. ಅದು ನನಗಲ್ಲ, ದಾರಿ ಬದಿಯಲ್ಲಿ ಬೆವರು ತಣ್ಣಗಾಗಿ ಕೂತ ಸವಾರ ಸಿಕ್ಕರೆ ಅವನಿಗೆ. ಇದುವರೆಗೆ ಮೂವರಿಗೆ ಕೊಟ್ಟಿದ್ದೇನೆ. ಮಾನ್ವಿಗೆ ಮೊದಲು ಆ ಬೇವಿನ ಮರ ಇನ್ನೂ ಇದೆ, ಅಂಗಡಿಯಲ್ಲಿ ಈಗ ಅಜ್ಜಿಯ ಮೊಮ್ಮಗ ಕೂರುತ್ತಾನೆ. ಡಬ್ಬಿಗೆ ಬೆಲ್ಲ ಅಲ್ಲೇ ಕೊಳ್ಳುತ್ತೇನೆ.